ಹಳೆಯ ಲಸಿಕೆ ನಿಂತಿತು, ಹೊಸದು ಬಂದಿಲ್ಲ: ಮಂಗನ ಕಾಯಿಲೆಯ ಎದುರು ಮಲೆನಾಡು

ಮಳೆ ಪೂರ್ತಿ ಹಿಂದೆ ಸರಿದು ಚಳಿ ಕಾಲಿಡುವ ಹೊತ್ತಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಎಲ್ಲ ಕೆಲಸಗಳೂ ಒಮ್ಮೆಗೇ ಮೈಮೇಲೆ ಬೀಳುತ್ತವೆ. ಅಡಿಕೆ ಕೊನೆ ಇಳಿಸಬೇಕು, ಸುಲಿಯಬೇಕು, ಬೇಯಿಸಬೇಕು. ಕಾಫಿ ಹಣ್ಣಾಗಿ ನಿಂತಿರುತ್ತದೆ, ಕುಯ್ಯಬೇಕು. ಕೊಟ್ಟಿಗೆಗೆ ಹಾಸಲು, ತೋಟದ ಬುಡಕ್ಕೆ ಹೊದಿಸಲು ಬೆಟ್ಟದಿಂದ ದರಕು ತರಬೇಕು. ದರಕು ಎಂದರೆ ಉದುರಿ ಒಣಗಿದ ಎಲೆಯ ರಾಶಿ. ಅದನ್ನು ಗುಡಿಸಿ, ಬುಟ್ಟಿಗೆ ಒತ್ತಿ ತುಂಬಿ, ತಲೆಯ ಮೇಲೆ ಹೊತ್ತು ತರುವವರ ಕಾಲಿಗೂ ಕುತ್ತಿಗೆಗೂ ಹತ್ತುವ ಉಣುಗಿನ ಮರಿ ಎಳ್ಳಿನ ಕಾಳಿಗಿಂತ ದೊಡ್ಡದಿರುವುದಿಲ್ಲ. ಕಚ್ಚಿದ್ದು ಆಗ ಗೊತ್ತಾಗುವುದಿಲ್ಲ. ಸಂಜೆ ಬಚ್ಚಲಿನಲ್ಲಿ ಬಿಸಿನೀರು ಬಿದ್ದಾಗ ಎಲ್ಲೋ ಒಂದು ಕಡೆ ಚುರುಕ್ ಎನ್ನುತ್ತದೆ, ಬೆರಳಿಗೆ ಸಣ್ಣ ಗಂಟಿನಂತೆ ಸಿಗುತ್ತದೆ, ಕಿತ್ತು ಬಚ್ಚಲೊಲೆಗೆ ಹಾಕುತ್ತಾರೆ.

ಬಹುತೇಕ ಸಲ ಅದು ಅಲ್ಲಿಗೇ ಮುಗಿಯುತ್ತದೆ. ಆ ಉಣುಗಿನೊಳಗೆ ಕ್ಯಾಸನೂರು ಕಾಡಿನ ಕಾಯಿಲೆಯ, ಅಂದರೆ ಮಂಗನ ಕಾಯಿಲೆಯ ವೈರಸ್ ಇದ್ದರೆ ಮಾತ್ರ ಮುಗಿಯುವುದಿಲ್ಲ.

ನಮ್ಮ ತೋಟದ ಕೆಲಸಕ್ಕೆ ಬರುವ ಹೆಂಗಸೊಬ್ಬರು ಒಂದು ಬೆಳಿಗ್ಗೆ ಉಣುಗು ಹತ್ತದಿರಲೆಂದು ಆರೋಗ್ಯ ಇಲಾಖೆಯವರು ಕೊಟ್ಟ ಡೇಪಾ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು, ಪಾದದಿಂದ ಮೊಣಕಾಲಿನವರೆಗೆ ಹಚ್ಚಿಕೊಳ್ಳುತ್ತ ಕೇಳಿದರು: “ಮೊದಲು ಚುಚ್ಚುಮದ್ದು ಹಾಕುತ್ತಿದ್ದರಲ್ಲ, ಅದನ್ನು ಯಾಕೆ ನಿಲ್ಲಿಸಿದರು?” ನನ್ನಲ್ಲಿ ಆಗ ನೇರವಾದ ಉತ್ತರ ಇರಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕಿದ್ದು ಬರೀ ಲಸಿಕೆಯ ಕಥೆಯಲ್ಲ. ಒಂದು ಕಾಯಿಲೆಯನ್ನು ವಿಜ್ಞಾನ ಕಂಡುಹಿಡಿದ ಮೇಲೂ, ಅದರ ಮದ್ದನ್ನು ವರ್ಷ ವರ್ಷ ಅಳೆದು ನೋಡುವವರು ಇಲ್ಲದಿದ್ದರೆ ಏನಾಗುತ್ತದೆ ಎನ್ನುವ ಕಥೆ ಅದು.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಬಿಡೋಣ. ಕೆನ್ನೆ ಊದಿಕೊಳ್ಳುವ ಮಂಗನ ಬಾವು ಬೇರೆ, ಮಂಗನ ಕಾಯಿಲೆ ಬೇರೆ. ಎರಡಕ್ಕೂ ವೈರಸ್ಸೇ ಕಾರಣವಾದರೂ ಅವುಗಳ ನಡುವೆ ಯಾವ ನಂಟೂ ಇಲ್ಲ. ಮಂಗನ ಕಾಯಿಲೆ ಮಂಗನಿಂದ ನೇರವಾಗಿ ಮನುಷ್ಯನಿಗೆ ಹರಡುವುದೂ ಇಲ್ಲ, ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ಹರಡುವುದು ಉಣುಗು. ಕಾಯಿಲೆ ಬಂದವರ ಮನೆಗೆ ಹೋಗಲು ಹೆದರುವ ಜನ ಈಗಲೂ ಇದ್ದಾರೆ. ಆ ಹೆದರಿಕೆಗೆ ಆಧಾರವಿಲ್ಲ.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಏರುತ್ತದೆ. ನಡುಕ, ಹಣೆ ಸಿಡಿಯುವ ತಲೆನೋವು, ಸೊಂಟ ಮತ್ತು ಕಾಲಿನ ಮಾಂಸಖಂಡಗಳಲ್ಲಿ ಏಳಲಾಗದ ನೋವು, ಕೆಂಪಾದ ಕಣ್ಣು, ವಾಂತಿ. ಕೆಲವರಿಗೆ ಮೂಗು, ವಸಡಿನಿಂದ ರಕ್ತ ಬರುತ್ತದೆ. ರಕ್ತದ ಒತ್ತಡ ಇಳಿಯುತ್ತದೆ, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಎರಡೂ ಕುಸಿಯುತ್ತವೆ. ಹೆಚ್ಚಿನವರು ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ, ಆದರೆ ನೂರರಲ್ಲಿ ಹತ್ತಿಪ್ಪತ್ತು ಮಂದಿಗೆ ಜ್ವರ ಬಿಟ್ಟು ಒಂದೆರಡು ವಾರ ನೆಮ್ಮದಿಯಾಗಿದ್ದ ಮೇಲೆ ಎರಡನೇ ಸುತ್ತು ಶುರುವಾಗುತ್ತದೆ. ಆಗ ಕುತ್ತಿಗೆ ಬಿಗಿಯುವುದು, ಕೈಕಾಲು ನಡುಗುವುದು, ಮಂಕು ಕವಿಯುವುದು, ಅಂದರೆ ಮೆದುಳಿನ ಕಡೆಯ ಲಕ್ಷಣಗಳು. ಸಾವಿನ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಐದು ಎನ್ನುತ್ತಾರೆ. ಕೆಲವು ವರ್ಷ ಅದು ಹತ್ತರ ಸಮೀಪ ಹೋದದ್ದೂ ಇದೆ. 2024ರ ಹಂಗಾಮಿನಲ್ಲಿ ಶೃಂಗೇರಿ ತಾಲ್ಲೂಕಿನ, ಎಪ್ಪತ್ತು ದಾಟಿದ ಹಿರಿಯರೊಬ್ಬರು ಈ ಕಾಯಿಲೆಯಿಂದ ತೀರಿಕೊಂಡರು. ಅವರ ವಯಸ್ಸಿನ ವಿಷಯಕ್ಕೆ ಮುಂದೆ ಬರುತ್ತೇನೆ.

ಹಳದಿ ಜ್ವರವೆಂದು ಹುಡುಕಿಕೊಂಡು ಬಂದವರು

1957ರ ಮಾರ್ಚ್ ತಿಂಗಳು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಮರದಿಂದ ಉದುರಿ ಸಾಯುತ್ತಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದ್ದರು. ಪುಣೆಯಲ್ಲಿ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಕಟ್ಟಿದ ವೈರಸ್ ಸಂಶೋಧನಾ ಕೇಂದ್ರಕ್ಕೆ ಈ ಸುದ್ದಿ ಮುಟ್ಟಿದಾಗ ಅಲ್ಲಿದ್ದವರ ಎದೆ ಝಲ್ಲೆಂದಿರಬೇಕು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಹೀಗೆ ಸಾಯುವುದು ಹಳದಿ ಜ್ವರ ಬಂದಾಗ. ಭಾರತದಲ್ಲಿ ಹಿಂದೆಂದೂ ಕಾಣಿಸಿಕೊಳ್ಳದ ಆ ಜ್ವರ ಇಲ್ಲಿಗೂ ಬಂತೇ ಎಂಬ ಆತಂಕದಲ್ಲೇ ಟೆಲ್ಫೋರ್ಡ್ ವರ್ಕ್ ನೇತೃತ್ವದ ತಂಡ ಸೊರಬಕ್ಕೆ ಬಂದದ್ದು.

ಸತ್ತ ಮಂಗಗಳಿಂದ, ರೋಗಿಗಳ ರಕ್ತದಿಂದ, ಉಣುಗುಗಳಿಂದ ಅವರು ಪ್ರತ್ಯೇಕಿಸಿದ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಅದು ಹತ್ತಿರದ ನೆಂಟ. ಜಗತ್ತಿಗೆ ಅದು ಹೊಸದು, ಹಾಗಾಗಿ ಕಾಡಿನ ಹೆಸರನ್ನೇ ಇಟ್ಟರು. ಡೆಂಗಿ, ಹಳದಿ ಜ್ವರ, ಜಪಾನೀಸ್ ಮೆದುಳು ಜ್ವರದ ವೈರಸ್‌ಗಳೂ ಇದೇ ಫ್ಲಾವಿವೈರಸ್ ಕುಲದವು. ಸುಮಾರು ಹನ್ನೊಂದು ಸಾವಿರ ಅಕ್ಷರಗಳ ಒಂದೆಳೆ ಆರ್‌ಎನ್‌ಎ, ಅದರ ಸುತ್ತ ಪ್ರೋಟೀನಿನ ಹೊದಿಕೆ, ಇಷ್ಟೇ ಅದರ ಸಂಪತ್ತು.

ಉಣುಗಿನ ಬದುಕನ್ನು ಅರಿಯದೆ ಈ ಕಾಯಿಲೆ ಅರ್ಥವಾಗುವುದಿಲ್ಲ. ಮುಖ್ಯ ವಾಹಕ ಹಿಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಜಾತಿ. ಮೊಟ್ಟೆಯಿಂದ ಬಂದ ಮರಿ ಒಮ್ಮೆ ರಕ್ತ ಕುಡಿಯುತ್ತದೆ, ಪೊರೆ ಕಳಚಿ ಎರಡನೇ ಹಂತಕ್ಕೆ ಬರುತ್ತದೆ, ಮತ್ತೊಮ್ಮೆ ಕುಡಿಯುತ್ತದೆ, ಬಲಿಯುತ್ತದೆ. ಮೊದಲ ಹಂತದಲ್ಲಿ ಸೋಂಕಿತ ಮಂಗದ್ದೋ ಇಲಿಯದ್ದೋ ರಕ್ತ ಕುಡಿದಿದ್ದರೆ ವೈರಸ್ ಪೊರೆ ಕಳಚಿದರೂ ಒಳಗೇ ಉಳಿಯುತ್ತದೆ. ನಮಗೆ ಕಚ್ಚುವುದು ಹೆಚ್ಚಾಗಿ ಎರಡನೇ ಹಂತದ ಮರಿ. ಅದರ ಹಾವಳಿ ನವೆಂಬರ್‌ನಿಂದ ಮೇ ತಿಂಗಳವರೆಗೆ, ಅಂದರೆ ಸರಿಯಾಗಿ ನಮ್ಮ ಕುಯ್ಲಿನ, ದರಕಿನ ಕಾಲದಲ್ಲಿ. ಬಲಿತ ಉಣುಗು ಹೊಟ್ಟೆ ತುಂಬಿಸಿಕೊಳ್ಳುವುದು ದನಗಳ ಮೇಲೆ. ಕಾಡಂಚಿಗೆ ಮೇಯಲು ಹೋಗುವ ದನ ವೈರಸ್ಸನ್ನು ಬೆಳೆಸದಿದ್ದರೂ ಉಣುಗಿನ ಸಂತಾನವನ್ನು ಬೆಳೆಸುತ್ತದೆ. ಈ ಸೂಕ್ಷ್ಮವನ್ನು 1960ರ ದಶಕದಲ್ಲೇ ಸಾಗರದ ಕಡೆ ಕೆಲಸ ಮಾಡಿದ ಜಾರ್ಜ್ ಬೋಷೆಲ್ ಗುರುತಿಸಿದ್ದರು: ಕಾಡು ಕಡಿದು ಅಂಚು ಹೆಚ್ಚಿದಷ್ಟೂ, ಆ ಅಂಚಿನಲ್ಲಿ ದನ ಹೆಚ್ಚಿದಷ್ಟೂ ಮನುಷ್ಯನಿಗೂ ಉಣುಗಿಗೂ ಮುಖಾಮುಖಿ ಹೆಚ್ಚುತ್ತದೆ. 1983-84ರಲ್ಲಿ ಘಟ್ಟದ ಕೆಳಗೆ ಬೆಳ್ತಂಗಡಿ ತಾಲ್ಲೂಕಿನಲ್ಲಿ 1,555 ಮಂದಿಗೆ ಕಾಯಿಲೆ ಬಂದು 150 ಮಂದಿ ಸತ್ತದ್ದು, ಗೇರು ನೆಡಲು ಕಾಡು ಸವರಿದ ಜಾಗದ ಸುತ್ತ.

ಮಂಗ ಸತ್ತು ಬಿದ್ದಾಗ ಅದರ ಮೈ ತಣ್ಣಗಾಗುತ್ತಲೇ ಉಣುಗುಗಳು ಇಳಿದು ಸುತ್ತ ಹರಡಿಕೊಳ್ಳುತ್ತವೆ. ಸತ್ತ ಮಂಗದ ಸುತ್ತ 50 ಅಡಿ ಮೆಲಾಥಿಯನ್ ಎಂಬ ಕೀಟನಾಶಕದ ಪುಡಿ ಎರಚುವುದು ಅದಕ್ಕೇ. ಮಂಗ ಸತ್ತದ್ದನ್ನು ಕಂಡವರು ಪಂಚಾಯಿತಿಗೋ ಆಶಾ ಕಾರ್ಯಕರ್ತೆಗೋ ತಿಳಿಸುವ ಒಂದು ಫೋನ್ ಕರೆ ಇಡೀ ವ್ಯವಸ್ಥೆಯ ಮೊದಲ ಕೊಂಡಿ.

ಕಾಯಿಲೆ ಶಿವಮೊಗ್ಗದಲ್ಲೇ ನಿಲ್ಲಲಿಲ್ಲ. 2012ರಲ್ಲಿ ಬಂಡೀಪುರ, ಅದರ ಬೆನ್ನಿಗೆ ನೀಲಗಿರಿ, 2013ರಿಂದ ವಯನಾಡು, 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಪಶ್ಚಿಮಘಟ್ಟದ ಉದ್ದಕ್ಕೂ ಅದು ಕಾಣಿಸಿಕೊಂಡಿದೆ.

ಯಾವ ಜ್ವರ ಇದು?

ಕೊಪ್ಪದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಜನವರಿಯಲ್ಲಿ ಜ್ವರವೆಂದು ಬಂದವರಿಗೆ ಡೆಂಗಿ ಇರಬಹುದು, ಇಲಿ ಜ್ವರ ಇರಬಹುದು, ಸ್ಕ್ರಬ್ ಟೈಫಸ್ ಇರಬಹುದು, ಟೈಫಾಯಿಡ್ ಇರಬಹುದು, ಮಂಗನ ಕಾಯಿಲೆಯೂ ಇರಬಹುದು. ಮೊದಲ ಮೂರು ದಿನ ಇವೆಲ್ಲ ಒಂದೇ ತೆರನಾಗಿ ಕಾಣುತ್ತವೆ. ಹೇಗಿದ್ದರೂ ಮಂಗನ ಕಾಯಿಲೆಗೆ ಮದ್ದಿಲ್ಲ, ಪರೀಕ್ಷೆ ಮಾಡಿ ಏನು ಉಪಯೋಗ ಎಂದು ಕೇಳುವವರಿದ್ದಾರೆ. ಉಪಯೋಗ ಬಹಳ ಇದೆ. ಸ್ಕ್ರಬ್ ಟೈಫಸ್ ಆಗಿದ್ದರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಜೀವ ಉಳಿಸುತ್ತದೆ. ಅದನ್ನು ತಡಮಾಡಿದರೆ ಜೀವ ಹೋಗಬಹುದು. ಮಂಗನ ಕಾಯಿಲೆಯಾಗಿದ್ದರೆ ಮೈಕೈ ನೋವಿಗೆಂದು ಔಷಧಿ ಅಂಗಡಿಯಲ್ಲಿ ಕೇಳಿ ಪಡೆಯುವ ಆಸ್ಪಿರಿನ್, ಡೈಕ್ಲೋಫೆನಾಕ್‌ನಂತಹವುಗಳಿಂದಲೇ ಅಪಾಯ, ಏಕೆಂದರೆ ಪ್ಲೇಟ್‌ಲೆಟ್ ಕುಸಿದ ದೇಹದಲ್ಲಿ ಅವು ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್, ಸಾಕಷ್ಟು ದ್ರವ, ರಕ್ತದೊತ್ತಡದ ಮೇಲೆ ಕಣ್ಣು, ಅಗತ್ಯ ಬಿದ್ದರೆ ರಕ್ತದ ಅಂಶಗಳನ್ನು ಕೊಡುವುದು, ಇವನ್ನು ಹೊತ್ತಿಗೆ ಸರಿಯಾಗಿ ಮಾಡಿದರೆ ಹೆಚ್ಚಿನವರು ಉಳಿಯುತ್ತಾರೆ. ಯಾವ ಜ್ವರ ಎಂದು ತಿಳಿದರೆ ಎರಡನೇ ಸುತ್ತು ಬರಬಹುದೆಂದು ಮನೆಯವರಿಗೆ ಮುಂಚೆಯೇ ಹೇಳಿ ಕಳುಹಿಸಬಹುದು.

ಪರೀಕ್ಷೆಯ ಕಥೆ ನಿಜಕ್ಕೂ ಹೆಮ್ಮೆಯದು. ಒಂದು ಕಾಲದಲ್ಲಿ ರೋಗಿಯ ರಕ್ತವನ್ನು ಇಲಿಮರಿಗಳ ಮೆದುಳಿಗೆ ಚುಚ್ಚಿ, ಅವು ಕಾಯಿಲೆ ಬೀಳುವುದನ್ನು ಕಾಯಬೇಕಿತ್ತು. ಉತ್ತರ ಬರುವ ಹೊತ್ತಿಗೆ ರೋಗಿ ಒಂದೋ ಎದ್ದು ಓಡಾಡುತ್ತಿದ್ದ, ಇಲ್ಲವೇ ಇರುತ್ತಿರಲಿಲ್ಲ. ಈಗ ಬಳಸುವುದು ಆರ್‌ಟಿ-ಪಿಸಿಆರ್. ವೈರಸ್ಸಿನ ಆರ್‌ಎನ್‌ಎ ಎಳೆಯನ್ನು ಒಂದು ಕಿಣ್ವ ಡಿಎನ್‌ಎಗೆ ನಕಲು ಮಾಡುತ್ತದೆ. ಆ ನಕಲಿನ ಒಂದು ನಿರ್ದಿಷ್ಟ ತುಣುಕನ್ನು ಯಂತ್ರ ಕಾಯಿಸಿ, ತಣಿಸಿ, ಪ್ರತಿ ಸುತ್ತಿಗೂ ಇಮ್ಮಡಿಗೊಳಿಸುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತನೇ ಸುತ್ತಿಗೆ ನೂರು ಕೋಟಿ ದಾಟುತ್ತದೆ. ಕೋಟ್ಯಂತರ ಕಾಳುಗಳ ಕಣದಲ್ಲಿ ಬೆರೆತ ಒಂದೇ ಬೇರೆ ಜಾತಿಯ ಕಾಳನ್ನು, ಅದನ್ನು ಮಾತ್ರ ಬಿತ್ತಿ ಬೆಳೆಸಿ, ರಾಶಿ ಮಾಡಿ ಗುರುತಿಸಿದ ಹಾಗೆ. ರಕ್ತದಲ್ಲಿ ವೈರಸ್ ಇರುವ ಮೊದಲ ಹತ್ತು ಹನ್ನೆರಡು ದಿನಗಳಲ್ಲಿ ಈ ಪರೀಕ್ಷೆ ಹೇಳಿ ಮಾಡಿಸಿದ್ದು. ಆಮೇಲೆ ವೈರಸ್ ಕರಗುತ್ತದೆ, ಅದರ ವಿರುದ್ಧ ದೇಹ ಕಟ್ಟಿದ ಐಜಿಎಂ ಪ್ರತಿಕಾಯ ಉಳಿಯುತ್ತದೆ. ಅದನ್ನು ಹಿಡಿಯುವ ಎಲೈಸಾ ಪರೀಕ್ಷೆಯನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅಭಿವೃದ್ಧಿಪಡಿಸಿತು. ಹಾಗಾಗಿ ಪರೀಕ್ಷಿಸುವವರಿಗೆ ಜ್ವರ ಶುರುವಾದ ದಿನ ಯಾವುದು ಎಂಬುದು ಬಹಳ ಮುಖ್ಯ. “ಎರಡು ಮೂರು ದಿನದಿಂದ ಇದೆ ಎನಿಸುತ್ತದೆ” ಎನ್ನುವುದಕ್ಕಿಂತ “ಸೋಮವಾರ ಸಂತೆಗೆ ಹೋಗಿ ಬಂದ ರಾತ್ರಿ ಶುರುವಾಯಿತು” ಎನ್ನುವ ಉತ್ತರ ಪ್ರಯೋಗಾಲಯಕ್ಕೆ ಸಾವಿರ ಪಾಲು ಬೆಲೆಬಾಳುತ್ತದೆ.

ಕೊರತೆ ಇರುವುದು ವಿಜ್ಞಾನದಲ್ಲಿ ಅಲ್ಲ, ದೂರದಲ್ಲಿ. ಆರ್‌ಎನ್‌ಎ ಬಹಳ ಬೇಗ ಹಾಳಾಗುವ ವಸ್ತು. ರಕ್ತ ತೆಗೆದ ನಳಿಕೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಣ್ಣಗೆ ಇರಬೇಕು. ಒಳಗಿನ ಹಳ್ಳಿಯಿಂದ ಕೊಪ್ಪಕ್ಕೆ, ಕೊಪ್ಪದಿಂದ ತೀರ್ಥಹಳ್ಳಿಯ ದಾರಿಯಲ್ಲಿ ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಅದು ಸಾಗುವಾಗ ಪೆಟ್ಟಿಗೆಯ ಮಂಜು ಕರಗಿತೋ, ಪರೀಕ್ಷೆ ಸುಳ್ಳೇ “ಇಲ್ಲ” ಎನ್ನಬಹುದು. ಈ ದೂರವನ್ನು ಕಡಿಮೆ ಮಾಡಲೆಂದೇ ವೈರಾಣು ಸಂಸ್ಥೆಯೂ ಗೋವಾದ ಮೋಲ್ಬಯೊ ಕಂಪನಿಯೂ ಸೇರಿ, ಬ್ಯಾಟರಿಯಲ್ಲಿ ನಡೆಯುವ ಟ್ರೂನಾಟ್ ಯಂತ್ರಕ್ಕೆ ಹೊಂದುವ ಮಂಗನ ಕಾಯಿಲೆಯ ಪರೀಕ್ಷೆಯನ್ನು ರೂಪಿಸಿವೆ. ಕ್ಷಯ ಮತ್ತು ಕೋವಿಡ್ ಪರೀಕ್ಷೆಗೆಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದ ಯಂತ್ರ ಅದೇ. ನನ್ನ ಅಭಿಪ್ರಾಯವನ್ನು ಕೇಳುವುದಾದರೆ, ಉಣುಗಿನ ಹಂಗಾಮು ಶುರುವಾಗುವ ಮುನ್ನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂಡಿಗೆರೆಯ ಆಸ್ಪತ್ರೆಗಳ ಕಪಾಟಿನಲ್ಲಿ ಆ ಪರೀಕ್ಷೆಯ ಚಿಪ್‌ಗಳು ಸಾಕಷ್ಟು ಇರುವಂತೆ ನೋಡಿಕೊಳ್ಳುವುದು ದೊಡ್ಡ ಸಭೆಗಳಿಗಿಂತ ಹೆಚ್ಚು ಜೀವ ಉಳಿಸುತ್ತದೆ. ಬೆಳಿಗ್ಗೆ ರಕ್ತ ಕೊಟ್ಟವರಿಗೆ ಮಧ್ಯಾಹ್ನದೊಳಗೆ ಉತ್ತರ ಸಿಕ್ಕರೆ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕೋ ಇಲ್ಲೇ ಉಳಿಯಬೇಕೋ ಎಂಬುದನ್ನು ರೋಗಿ ಗಟ್ಟಿಮುಟ್ಟಾಗಿರುವಾಗಲೇ ತೀರ್ಮಾನಿಸಬಹುದು.

ಮಾತ್ರೆ ಯಾಕಿಲ್ಲ

ವೈರಸ್ಸಿಗೆ ಮದ್ದು ಹುಡುಕುವ ರಸಾಯನಶಾಸ್ತ್ರಜ್ಞರು ಕಣ್ಣಿಡುವುದು, ಅದು ತನ್ನ ನಕಲು ಮಾಡಿಕೊಳ್ಳಲು ಬಳಸುವ ಹತ್ಯಾರುಗಳ ಮೇಲೆ. ಮಂಗನ ಕಾಯಿಲೆಯ ವೈರಸ್ಸಿನಲ್ಲಿ ಎನ್‌ಎಸ್3 ಎಂಬ ಪ್ರೋಟೀನ್ ಕತ್ತರಿಯಂತೆ ಕೆಲಸ ಮಾಡುತ್ತದೆ, ಎನ್‌ಎಸ್5 ಹೊಸ ಆರ್‌ಎನ್‌ಎ ಎಳೆಯನ್ನು ನೇಯುತ್ತದೆ. ಕೆನಡಾದ ಸಂಶೋಧಕರು 2012ರಲ್ಲಿ ತೋರಿಸಿದಂತೆ ಎನ್‌ಎಸ್5 ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಜೀವಕೋಶ ಅಪಾಯದ ಕರೆಯಾಗಿ ಹೊರಡಿಸುವ ಇಂಟರ್‌ಫೆರಾನ್ ಸಂದೇಶ ಒಳಗೆ ಮುಟ್ಟದಂತೆ ಅಡ್ಡ ನಿಲ್ಲುತ್ತದೆ. ಹೊರಗಿನಿಂದ ಇಂಟರ್‌ಫೆರಾನ್ ಕೊಟ್ಟರೂ ಪ್ರಯೋಗಾಲಯದ ಕೋಶಗಳಲ್ಲಿ ಈ ವೈರಸ್ ಬಗ್ಗಲಿಲ್ಲ.

ಹಾಗೆಂದು ಇದು ಮದ್ದಿಗೆ ಸಿಗದ ವೈರಸ್ ಎಂದಲ್ಲ. ಇದೇ ಕುಟುಂಬಕ್ಕೆ ಸೇರಿದ ಹೆಪಟೈಟಿಸ್-ಸಿ ವೈರಸ್ಸನ್ನು ನೋಡಿ. ಅದರ ನೇಯುವ ಪ್ರೋಟೀನಿಗೆ ಸುಳ್ಳು ಎಳೆ ಕೊಟ್ಟು ನೇಯ್ಗೆಯನ್ನೇ ನಿಲ್ಲಿಸುವ ಸೊಫೊಸ್ಬುವಿರ್ 2013ರಲ್ಲಿ ಮಾರುಕಟ್ಟೆಗೆ ಬಂತು. ಅಂತಹ ಮಾತ್ರೆಗಳನ್ನು ಹನ್ನೆರಡು ವಾರ ತೆಗೆದುಕೊಂಡವರಲ್ಲಿ ನೂರಕ್ಕೆ ತೊಂಬತ್ತೈದು ಮಂದಿ ಗುಣವಾಗುತ್ತಾರೆ. ಆ ರೋಗ ಇರುವವರು ಜಗತ್ತಿನಲ್ಲಿ ಸುಮಾರು ಐದು ಕೋಟಿ. ಮಂಗನ ಕಾಯಿಲೆಗೆ ವರ್ಷಕ್ಕೆ ತುತ್ತಾಗುವವರು ಕೆಲವು ನೂರು, ಅವರಲ್ಲಿ ಹೆಚ್ಚಿನವರು ಕೂಲಿಯವರು, ಸಣ್ಣ ಹಿಡುವಳಿದಾರರು, ಕಾಡಿನ ಜನ. ಒಂದು ಮಾತ್ರೆಯನ್ನು ಮೊದಲಿನಿಂದ ಕಟ್ಟಿ ಮಾರುಕಟ್ಟೆಗೆ ತರುವ ಖರ್ಚನ್ನು ಯಾವ ಕಂಪನಿಯೂ ಈ ಲೆಕ್ಕ ನೋಡಿ ಹಾಕುವುದಿಲ್ಲ. ಹಾಗಾಗಿ ಈ ಕೆಲಸ ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಗಳದ್ದೇ. ಡೆಂಗಿಯ ವಿರುದ್ಧ ನಡೆಯುವ ಹುಡುಕಾಟದಲ್ಲಿ ಸಿಗುವ ಪ್ರತಿಯೊಂದು ಹೊಸ ಅಣುವನ್ನೂ ಮಂಗನ ಕಾಯಿಲೆಯ ವೈರಸ್ಸಿನ ಮೇಲೂ ಒಡ್ಡಿ ನೋಡುವುದು ನಮಗಿರುವ ಅತ್ಯಂತ ಹತ್ತಿರದ ದಾರಿ. ಎರಡೂ ಒಂದೇ ಕುಲದವು, ಹತ್ಯಾರುಗಳೂ ಒಂದೇ ಮಾದರಿಯವು.

ಲಸಿಕೆ: ಅಳತೆ ತಪ್ಪಿದ್ದು ಎಲ್ಲಿ

ಈಗ ಆ ಹೆಂಗಸಿನ ಪ್ರಶ್ನೆಗೆ ಬರುತ್ತೇನೆ.

ಕಾಯಿಲೆ ಪತ್ತೆಯಾದ ಒಂದೆರಡು ವರ್ಷದಲ್ಲೇ ರಷ್ಯಾದ ಮೆದುಳು ಜ್ವರದ ಲಸಿಕೆಯನ್ನು ಇಲ್ಲಿ ಕೊಟ್ಟು ನೋಡಲಾಯಿತು. ಹತ್ತಿರದ ನೆಂಟ ಎಂಬ ನಂಬಿಕೆಯಿಂದ. ಅದು ಕೆಲಸ ಮಾಡಲಿಲ್ಲ. ಆಮೇಲೆ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಮಂಗನ ಕಾಯಿಲೆಯ ವೈರಸ್ಸನ್ನೇ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ಲಸಿಕೆ ಮಾಡಿದರು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ಅದು ತಯಾರಾಗುತ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬಲವರ್ಧಕ, ಮುಂದೆ ವರ್ಷಕ್ಕೊಮ್ಮೆ.

ಫಾರ್ಮಲಿನ್ ಮಾಡುವ ಕೆಲಸ ಬಹಳ ನಾಜೂಕಿನದು. ಅದು ವೈರಸ್ಸಿನ ಪ್ರೋಟೀನುಗಳನ್ನು ಒಂದಕ್ಕೊಂದು ಹೊಲಿದು, ಆರ್‌ಎನ್‌ಎಯನ್ನು ಕಟ್ಟಿಹಾಕಿ, ವೈರಸ್ ಮತ್ತೆ ಬೆಳೆಯದಂತೆ ಮಾಡುತ್ತದೆ. ಕಡಿಮೆ ಹಾಕಿದರೆ ಜೀವಂತ ವೈರಸ್ ಉಳಿಯುವ ಅಪಾಯ. ಹೆಚ್ಚಾದರೆ, ಅಥವಾ ಬಹಳ ಹೊತ್ತು ಬಿಟ್ಟರೆ, ವೈರಸ್ಸಿನ ಹೊರಮೈಯ ಪ್ರೋಟೀನಿನ ಆಕಾರವೇ ಕೆಡುತ್ತದೆ. ನಮ್ಮ ದೇಹ ಗುರುತಿಸಲು ಕಲಿಯಬೇಕಾದ ಮುಖವೇ ವಿಕಾರವಾದ ಹಾಗೆ. ಅಂತಹ ಲಸಿಕೆ ಅಪಾಯ ಮಾಡುವುದಿಲ್ಲ, ಆದರೆ ಉಪಕಾರವನ್ನೂ ಮಾಡುವುದಿಲ್ಲ. ಬಾಟಲಿಯನ್ನು ಕಣ್ಣಿನಿಂದ ನೋಡಿ ಒಳ್ಳೆಯದು ಯಾವುದು, ಸಪ್ಪೆ ಯಾವುದು ಎಂದು ಹೇಳಲಾಗುವುದಿಲ್ಲ. ಪ್ರತಿ ಬ್ಯಾಚನ್ನೂ ಇಲಿಗಳಿಗೆ ಕೊಟ್ಟು, ಆಮೇಲೆ ಅವುಗಳಿಗೆ ಜೀವಂತ ವೈರಸ್ ಚುಚ್ಚಿ, ಎಷ್ಟು ಉಳಿದವು ಎಂದು ಎಣಿಸಬೇಕು. ಜೀವಂತ ವೈರಸ್ಸಿನ ಜೊತೆಗಿನ ಈ ಕೆಲಸ ಬಿಗಿ ಭದ್ರತೆಯ ಪ್ರಯೋಗಾಲಯವನ್ನೇ ಬೇಡುತ್ತದೆ, ಏಕೆಂದರೆ ಇದು ಪ್ರಯೋಗಾಲಯದ ಸಿಬ್ಬಂದಿಗೂ ಸೋಂಕು ತಗುಲಿಸಿದ ವೈರಸ್.

1990ರಿಂದ 1992ರವರೆಗೆ ನಡೆದ ಕ್ಷೇತ್ರ ಅಧ್ಯಯನದಲ್ಲಿ ಈ ಲಸಿಕೆಯ ಪರಿಣಾಮ ಒಂದು ಡೋಸಿಗೆ ಶೇ 79.3, ಎರಡು ಡೋಸಿಗೆ ಶೇ 93.5 ಎಂದು ದಾಖಲಾಯಿತು. 2005ರಿಂದ 2010ರವರೆಗಿನ ಮಾಹಿತಿಯನ್ನು ಮತ್ತೆ ಲೆಕ್ಕ ಹಾಕಿದಾಗ ಎರಡು ಡೋಸಿನ ಪರಿಣಾಮ ಶೇ 62.4ಕ್ಕೆ ಇಳಿದಿತ್ತು, ಬಲವರ್ಧಕವನ್ನೂ ಪಡೆದವರಲ್ಲಿ ಶೇ 82.9. ಎರಡೂ ಅಧ್ಯಯನಗಳ ವಿಧಾನ ಒಂದೇ ಅಲ್ಲ, ಹಾಗಾಗಿ ಆ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಇಷ್ಟು ಕುಸಿಯಿತು ಎಂದು ಕರಾರುವಾಕ್ಕಾಗಿ ಹೇಳುವುದು ಸರಿಯಲ್ಲ. ಆದರೆ ಒಂದು ಎಚ್ಚರಿಕೆಯ ಗಂಟೆ ಬಾರಿಸಲು ಅಷ್ಟು ಸಾಕಿತ್ತು. ಎರಡು ಅಳತೆಗಳ ನಡುವೆ ಹದಿನೈದು ವರ್ಷ ಹೋಗಿದ್ದೇ ನನಗೆ ಹೆಚ್ಚು ನೋವು ಕೊಡುವ ಸಂಗತಿ. ಆ ಅಷ್ಟೂ ವರ್ಷ ಮಲೆನಾಡಿನ ಜನ ತೋಳು ಚಾಚಿದ್ದಾರೆ, ಆರೋಗ್ಯ ಕಾರ್ಯಕರ್ತರು ಐಸ್ ಪೆಟ್ಟಿಗೆ ಹೊತ್ತು ಗುಡ್ಡ ಹತ್ತಿದ್ದಾರೆ. ಅವರ ಶ್ರಮಕ್ಕೆ ತಕ್ಕ ಬಲ ಆ ಬಾಟಲಿಯಲ್ಲಿ ಇದೆಯೇ ಎಂದು ನಿಯಮಿತವಾಗಿ ನೋಡಿ ಹೇಳುವ ಹೊಣೆ ಮೇಲಿನವರದಾಗಿತ್ತು. ಲಸಿಕೆ ಒಮ್ಮೆ ಕಂಡುಹಿಡಿದು ಮುಗಿಸುವ ವಸ್ತುವಲ್ಲ. ಬಾವಿಯ ನೀರಿನಂತೆ ಅದನ್ನು ಪ್ರತಿ ವರ್ಷ ಪರೀಕ್ಷಿಸಬೇಕು.

ಅದರ ಮೇಲೆ ನೋವು. ಈ ಲಸಿಕೆ ಚುಚ್ಚಿದ ಜಾಗ ಊದಿಕೊಂಡು ಉರಿಯುತ್ತಿತ್ತು. ಕುಯ್ಲಿನ ಕಾಲದಲ್ಲಿ ಎರಡು ದಿನ ಕೈ ಎತ್ತಲಾಗದಿದ್ದರೆ ಎರಡು ದಿನದ ಕೂಲಿ ಹೋಯಿತು. ಮೊದಲ ಡೋಸ್ ಪಡೆದವರು ಎರಡನೆಯದಕ್ಕೆ ಬರುತ್ತಿರಲಿಲ್ಲ, ಬಂದವರೂ ಬಲವರ್ಧಕಕ್ಕೆ ಉಳಿಯುತ್ತಿರಲಿಲ್ಲ. ಅರ್ಧ ಕೋರ್ಸಿನಿಂದ ಅರ್ಧ ರಕ್ಷಣೆಯೂ ಸಿಗುವುದಿಲ್ಲ ಎಂಬುದು ಆಮೇಲಿನ ಅಧ್ಯಯನಗಳಲ್ಲಿ ಕಂಡಿತು. ಜೊತೆಗೆ ಅದನ್ನು ಕೊಡುತ್ತಿದ್ದುದು 7ರಿಂದ 65 ವರ್ಷದವರಿಗೆ. ಮೇಲೆ ಹೇಳಿದ ಶೃಂಗೇರಿ ತಾಲ್ಲೂಕಿನ ಹಿರಿಯರು, ಹಳೆಯ ಲಸಿಕೆ ಚಾಲ್ತಿಯಲ್ಲಿದ್ದಿದ್ದರೂ ಅದರ ಮಿತಿಯ ಹೊರಗೇ ಇರುತ್ತಿದ್ದರು. ಮಲೆನಾಡಿನಲ್ಲಿ ಎಪ್ಪತ್ತು ದಾಟಿದವರು ತೋಟಕ್ಕೆ ಹೋಗುವುದನ್ನು ಬಿಡುವುದಿಲ್ಲ. ಹೊಸ ಲಸಿಕೆ ರೂಪಿಸುವವರ ಕಿವಿಗೆ ಇದು ಬೀಳಲೇಬೇಕು.

2022ರಲ್ಲಿ ಹಳೆಯ ಲಸಿಕೆಯನ್ನು ನಿಲ್ಲಿಸಲಾಯಿತು. ಕೆಲಸ ಮಾಡದ ಲಸಿಕೆಯನ್ನು ನಿಲ್ಲಿಸಿದ್ದು ತಪ್ಪಲ್ಲ. ನನ್ನ ಮಟ್ಟಿಗೆ ಅದು ತಡವಾಗಿ ಬಂದ ಸರಿಯಾದ ತೀರ್ಮಾನ. ಸುಳ್ಳು ಧೈರ್ಯ ಎಣ್ಣೆಯನ್ನು ಮರೆಸುತ್ತದೆ. ತಪ್ಪಾದದ್ದು, ಬದಲಿಯ ಕೆಲಸವನ್ನು ಅದಕ್ಕೂ ಹತ್ತು ವರ್ಷ ಮೊದಲೇ ಶುರು ಮಾಡದಿದ್ದದ್ದು.

ಹೊಸದು ಎಲ್ಲಿಯವರೆಗೆ ಬಂದಿದೆ

ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಎರಡು ಡೋಸಿನ ಹೊಸ ಲಸಿಕೆಯನ್ನು ಸಿದ್ಧಪಡಿಸುತ್ತಿವೆ. ಇದೂ ಸತ್ತ ವೈರಸ್ಸಿನದೇ, ಆದರೆ ಜೊತೆಗೆ ಅಡ್ಜುವೆಂಟ್ ಇರುತ್ತದೆ. ಲಸಿಕೆಯನ್ನು ಚುಚ್ಚಿದ ಜಾಗಕ್ಕೆ ದೇಹದ ಕಾವಲು ಕೋಶಗಳನ್ನು ಕರೆದು ತರುವ, ಪಾಠವನ್ನು ಗಟ್ಟಿ ಮಾಡುವ ವಸ್ತು ಅದು. ಸಣ್ಣ ಪ್ರಾಣಿಗಳಲ್ಲಿ ರಕ್ಷಣೆಯ ಮತ್ತು ವಿಷತ್ವದ ಪರೀಕ್ಷೆ ಮುಗಿದು, ಮನುಷ್ಯರ ಮೇಲಿನ ಮೊದಲ ಹಂತದ ಪ್ರಯೋಗಕ್ಕೆ ಬೇಕಾದ ಲಸಿಕೆಯ ತಯಾರಿ ಆರಂಭವಾಗಿದೆ ಎಂದು ಐಸಿಎಂಆರ್ 2025ರ ಮಧ್ಯದಲ್ಲಿ ತಿಳಿಸಿತು. ಅಮೆರಿಕದ ರಾಕಿ ಮೌಂಟನ್ ಪ್ರಯೋಗಾಲಯದವರು ಬೇರೆಯೇ ದಾರಿ ಹಿಡಿದಿದ್ದಾರೆ: ಅಪಾಯ ಮಾಡದ ಇನ್ನೊಂದು ಜೀವಂತ ವೈರಸ್ಸಿಗೆ ಮಂಗನ ಕಾಯಿಲೆಯ ವೈರಸ್ಸಿನ ಹೊರಮೈ ತೊಡಿಸಿ ಮಾಡಿದ ಲಸಿಕೆ. 2021ರಲ್ಲಿ ಅವರು ಪ್ರಕಟಿಸಿದಂತೆ ಅದು ಇಲಿಗಳನ್ನು ಕಾಪಾಡಿತು. ಅದು ಜನರನ್ನು ಮುಟ್ಟಲು ಇನ್ನೂ ದೂರವಿದೆ.

ಮುಂದಿನ ಹಾದಿಯ ಕಷ್ಟವನ್ನು ಒಂದು ಊಹೆಯ ಲೆಕ್ಕದಿಂದ ನೋಡೋಣ. ಒಂದು ಹಂಗಾಮಿನಲ್ಲಿ ಸಾವಿರಕ್ಕೆ ಒಬ್ಬರಿಗೆ ಕಾಯಿಲೆ ಬರುವ ಪ್ರದೇಶದಲ್ಲಿ 20,000 ಜನರನ್ನು ಆರಿಸಿ, ಅರ್ಧ ಜನರಿಗೆ ಲಸಿಕೆ ಕೊಟ್ಟೆವು ಎಂದುಕೊಳ್ಳಿ. ಲಸಿಕೆ ಇಲ್ಲದ ಗುಂಪಿನಲ್ಲಿ ಹತ್ತು ಮಂದಿಗೆ, ಶೇ 80ರಷ್ಟು ಪರಿಣಾಮದ ಲಸಿಕೆ ಪಡೆದವರಲ್ಲಿ ಇಬ್ಬರಿಗೆ ಕಾಯಿಲೆ ಬರುತ್ತದೆ. ಇಪ್ಪತ್ತು ಸಾವಿರ ಜನರನ್ನು ತಿಂಗಳುಗಟ್ಟಲೆ ಹಿಂಬಾಲಿಸಿದ ಮೇಲೆ ಕೈಗೆ ಸಿಗುವುದು ಈ ಹತ್ತು ಮತ್ತು ಎರಡರ ವ್ಯತ್ಯಾಸ. ಅದಕ್ಕಿಂತ ದೊಡ್ಡ ತೊಡಕೆಂದರೆ ಈ ಕಾಯಿಲೆ ಒಂದು ವರ್ಷ ಇದ್ದ ಕಡೆ ಮರುವರ್ಷ ಇರುವುದಿಲ್ಲ. 2019ರಲ್ಲಿ ಸಾಗರದ ಅರಳಗೋಡನ್ನು ನಡುಗಿಸಿದ್ದು ಮತ್ತೊಂದು ವರ್ಷ ಕೊಪ್ಪದಲ್ಲಿ ತಲೆಯೆತ್ತುತ್ತದೆ. ಲಸಿಕೆ ಕೊಟ್ಟ ಊರಿಗೆ ಆ ವರ್ಷ ವೈರಸ್ಸೇ ಬರದಿದ್ದರೆ ಏನೂ ತಿಳಿಯುವುದಿಲ್ಲ. ಹಾಗಾಗಿ ಲಸಿಕೆ ಪಡೆದವರ ರಕ್ತದಲ್ಲಿ ವೈರಸ್ಸನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯ ಎಷ್ಟು ಬೆಳೆಯಿತು, ಎಷ್ಟು ಕಾಲ ಉಳಿಯಿತು ಎಂಬ ಅಳತೆಯೇ ಇಲ್ಲಿ ಹೆಚ್ಚಿನ ಭಾರ ಹೊರಬೇಕಾಗುತ್ತದೆ. ಬಳಕೆಗೆ ಬಂದ ಮೇಲೆ ಯಾರಿಗೆ ಎಷ್ಟು ಡೋಸ್ ಕೊಟ್ಟೆವು, ಅವರಲ್ಲಿ ಯಾರಿಗೆ ಕಾಯಿಲೆ ಬಂತು ಎಂಬ ಲೆಕ್ಕವನ್ನು ಪ್ರತಿ ಹಂಗಾಮಿನಲ್ಲೂ ಇಟ್ಟು ಪ್ರಕಟಿಸಬೇಕು. ಈ ಸಲ ಆ ಲೆಕ್ಕಕ್ಕೆ ಹದಿನೈದು ವರ್ಷ ಕಾಯಿಸಬಾರದು.

ಅಲ್ಲಿಯವರೆಗೆ ಕೈಯಲ್ಲಿರುವುದು ಎಣ್ಣೆ. ಹಿಂದೆ ಕೊಡುತ್ತಿದ್ದುದು ಡಿಎಂಪಿ, ಈಗ ಡೇಪಾ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ಸೈನಿಕರಿಗೆಂದು ರೂಪುಗೊಂಡ ರಾಸಾಯನಿಕ ಅದು. ಉಣುಗು ತನ್ನ ಮುಂಗಾಲುಗಳಲ್ಲಿರುವ ಒಂದು ಸೂಕ್ಷ್ಮ ಅಂಗದಿಂದ ನಮ್ಮ ಉಸಿರನ್ನೂ, ಮೈಯ ಬಿಸಿಯನ್ನೂ, ಬೆವರಿನ ವಾಸನೆಯನ್ನೂ ಗ್ರಹಿಸಿ ಹತ್ತುತ್ತದೆ. ಎಣ್ಣೆ ಹಚ್ಚಿದ ಚರ್ಮದಿಂದ ಅದು ಹಿಮ್ಮೆಟ್ಟುತ್ತದೆ. ಬೆವರಿಗೆ ಎಣ್ಣೆ ತೊಳೆದುಹೋಗುತ್ತದೆ, ಹಾಗಾಗಿ ಬೆಳಿಗ್ಗೆ ಒಮ್ಮೆ ಹಚ್ಚಿ ಸಂಜೆಯವರೆಗೆ ನೆಚ್ಚಿಕೊಳ್ಳಬಾರದು. ಹೊರಜಿಲ್ಲೆ, ಹೊರರಾಜ್ಯಗಳಿಂದ ಕಾಫಿ ಕುಯ್ಲಿಗೆ ಬರುವವರಿಗೆ ಮಂಗನ ಕಾಯಿಲೆ ಎಂಬ ಹೆಸರೇ ಗೊತ್ತಿರುವುದಿಲ್ಲ. ಲೈನ್ ಮನೆಗಳಲ್ಲಿ ಅವರಿಗೆ ಅವರ ಭಾಷೆಯಲ್ಲೇ ಹೇಳಿ, ಬಾಟಲಿಯನ್ನು ಕೈಗೆ ಕೊಡುವುದು ತೋಟದ ಮಾಲೀಕರಾದ ನಮ್ಮ ಹೊಣೆ. ಇಲಾಖೆಯ ಮೇಲೆ ಹಾಕಿ ಸುಮ್ಮನಿರುವಂತಿಲ್ಲ.

ಇಷ್ಟನ್ನೂ ಆ ಹೆಂಗಸಿಗೆ ನನಗೆ ತಿಳಿದಂತೆ ಹೇಳಿದೆ. ಪ್ರೋಟೀನು, ಪ್ರತಿಕಾಯದ ಮಾತನ್ನು ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಶೇಕಡಾ ಎಷ್ಟು ರಕ್ಷಣೆ ಎಂದು ಕೇಳಲಿಲ್ಲ. ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸುತ್ತ, “ಹೊಸದೂ ಅಷ್ಟೇ ನೋಯುತ್ತದೆಯೇ?” ಎಂದರು. ಮೊದಲ ಹಂತದ ಪ್ರಯೋಗದಲ್ಲಿ ಲಸಿಕೆ ಪಡೆದ ಪ್ರತಿಯೊಬ್ಬರನ್ನೂ ದಿನ ದಿನವೂ ಕೇಳಿ ಬರೆದುಕೊಳ್ಳುವುದು ಇದನ್ನೇ: ಚುಚ್ಚಿದ ಜಾಗದಲ್ಲಿ ನೋವಿದೆಯೇ, ಊತವಿದೆಯೇ, ಕೈ ಎತ್ತಲು ಆಗುತ್ತಿದೆಯೇ.